1000 ಯಾರ್ಡ್‌ಗೆ 6.5 ಕ್ರೀಡ್‌ಮೂರ್: ಯಾವ ಗುಂಡು, ಟೆಸ್ಟ್ ಹೇಗೆ ಮಾಡ್ತೀರ?

ಡಲ್ಲಾಸ್_ತಿಪ್ಪ

ಎಲ್ರಿಗೂ ನಮಸ್ಕಾರ, ಇಲ್ಲಿ ರೈಫಲ್ ಹಿಡಿಯೋ ಕನ್ನಡದೋರು ಒಂದಿಬ್ರಾದ್ರೂ ಇರ್ತೀರ ಅನ್ನೋ ಧೈರ್ಯದಲ್ಲಿ ಕೇಳ್ತಿದೀನಿ. ಟೆಕ್ಸಸ್‌ನಲ್ಲಿದೀನಿ, 6.5 ಕ್ರೀಡ್‌ಮೂರ್ ಅನ್ನೋ ಗುಂಡಿನ ಬೋಲ್ಟ್ ರೈಫಲ್, 24 ಇಂಚ್ ಬ್ಯಾರಲ್, 1:8 ಟ್ವಿಸ್ಟ್ (ಬ್ಯಾರಲ್ ಒಳಗಿನ ಸುರುಳಿ 8 ಇಂಚಿಗೆ ಒಂದು ಸುತ್ತು). ಕ್ಲಬ್‌ನಲ್ಲಿ 1000 ಯಾರ್ಡ್ ಎಫ್-ಕ್ಲಾಸ್ (ಮಲಗಿ, ರೈಫಲ್‌ಗೆ ಆಸರೆ ಕೊಟ್ಟು ದೂರದ ಗುರಿಗೆ ಹೊಡೆಯೋದು) ಮ್ಯಾಚ್ ನಡೆಯತ್ತೆ, ಅದಕ್ಕೆ ಒಂದು ಗುಂಡು ಫಿಕ್ಸ್ ಮಾಡ್ಕೋಬೇಕು. ಮನೇಲೇ ಗುಂಡು ತುಂಬ್ಕೊಳ್ಳೋ ರೀಲೋಡಿಂಗ್ ಇನ್ನೂ ಇಲ್ಲ, ಅಂಗಡಿ ಬಾಕ್ಸೇ. 140 ಗ್ರೇನ್ (ಗುಂಡಿನ ತೂಕ) ಮ್ಯಾಚ್ ಗುಂಡು ಎರಡು ಕಂಪನಿದು ತಂದಿದೀನಿ, ಜೊತೆಗೆ ಬೇಟೆಗೆ ಅಂತ ಮಾಡಿರೋದು ಒಂದು. 100 ಯಾರ್ಡ್‌ಗೆ ಮೂರ್ಮೂರು ಹೊಡೆದ್ರೆ ಬೇಟೆದೇ ಎಲ್ಲಕ್ಕಿಂತ ಚಿಕ್ಕ ಗ್ರೂಪು, ಅರ್ಧ ಇಂಚು, ಮ್ಯಾಚ್‌ದು ಮುಕ್ಕಾಲು. ಅದನ್ನೇ ತಗೊಂಡು 800ಕ್ಕೆ ಹೋದ್ರೆ ಅಡ್ಡಕ್ಕೆ ಪರವಾಗಿಲ್ಲ, ಮೇಲೆ ಕೆಳಗೆ ಮಾತ್ರ ಚೆಲ್ಲಾಪಿಲ್ಲಿ. ಹತ್ರದಲ್ಲಿ ಚೆನ್ನಾಗಿರೋದು ದೂರದಲ್ಲಿ ಯಾಕೆ ಹೀಗೆ? ಬಾಕ್ಸ್ ಮೇಲೆ ಬಿ.ಸಿ. ಅಂತ ಒಂದು ನಂಬರ್ ಇರತ್ತಲ್ಲ, ಅದು ನೋಡಿ ತಗೊಂಡ್ರೆ ಸಾಕಾ?

ಧಾರವಾಡ_ಫೇಡೆ

ಮೂರು ಗುಂಡಿನ ಗ್ರೂಪ್ ನಂಬಬ್ಯಾಡ್ರಿ, ಅದು ಟೆಸ್ಟ್ ಅಲ್ರಿ, ಲಾಟರಿ. ಅದೇ ಬಂದೂಕು, ಅದೇ ಡಬ್ಬಿ, ಮೂರರ ಬದಲಿ ಹತ್ತು ಹೊಡೀರಿ, ಗ್ರೂಪ್ ಸರಾಸರಿ ಒಂದೂವರಿ ಪಟ್ಟು ದೊಡ್ಡದಾಗ್ತದ, ಗುಂಡು ಕೆಟ್ಟದ್ದು ಅಂತಲ್ಲ, ಲೆಕ್ಕಾನ ಹಂಗದ. ಮೂರರಾಗ ಒಂದಕ್ಕ ಅರ್ಧ ಇಂಚು ಬಂತು, ಇನ್ನೊಂದಕ್ಕ ಮುಕ್ಕಾಲು ಬಂತು ಅಂದ್ರ ಅವೆರಡರ ನಡುವ ಖರೇನ ಫರಕ್ ಅದ ಅಂತ ಹೇಳಾಕ ಬರಂಗಿಲ್ಲ. ಒಂದೊಂದು ಥರದ್ದು ಕಡಿಮಿ ಅಂದ್ರ ಹತ್ತು, ರೊಕ್ಕ ಇದ್ರ ಇಪ್ಪತ್ತು ಹೊಡದು ನೋಡ್ರಿ, ನಡುನಡುವ ಬ್ಯಾರಲ್ ಆರಾಕ ಬಿಡ್ರಿ. ಆಮ್ಯಾಲ ಅಗದೀ ದೂರದ ಎರಡು ತೂತಿನ ನಡುವಿನ ಅಂತರ ಅಷ್ಟ ಅಳದು ಕೂಡಬ್ಯಾಡ್ರಿ, ಗ್ರೂಪಿನ ನಡುವಿಂದ ಎಲ್ಲಾ ತೂತು ಎಷ್ಟೆಷ್ಟು ದೂರ ಅದಾವ ಅಂತ ಸರಾಸರಿ ತಗೀರಿ, ಮೀನ್ ರೇಡಿಯಸ್ ಅಂತಾರಲ್ಲ, ಅದು. ಫೋಟೋ ಹೊಡದು ಹಾಕಿದ್ರ ಲೆಕ್ಕ ಮಾಡಿ ಕೊಡೂ ಆ್ಯಪ್ ಅದಾವ.

ಇನ್ನ ನಿಮ್ಮ ಮ್ಯಾಲ-ಕೆಳಗಿನ ವಿಷಯ. ಅಡ್ಡಕ್ಕ ಚಲೋ ಇದ್ದು ಉದ್ದಕ್ಕ ಹರಡ್ಯದ ಅಂದ್ರ ಮೊದಲ ಸಂಶಯ ವೇಗದ ಮ್ಯಾಲ. 140 ಗ್ರೇನ್ ಗುಂಡು ಸೆಕೆಂಡಿಗೆ 2700 ಅಡಿ ಹೊಂಟದ ಅಂತ ಹಿಡೀರಿ. ಒಂದಕ್ಕ ಒಂದಕ್ಕ 30 ಅಡಿ ಹೆಚ್ಚುಕಮ್ಮಿ ಆದ್ರ 100 ಯಾರ್ಡಿಗೆ ಏನೂ ಕಾಣಂಗಿಲ್ಲ, 1000ಕ್ಕ ಅದು 7-8 ಇಂಚು ಆಗ್ತದ. ಎಫ್-ಕ್ಲಾಸ್‌ದಾಗ 1000 ಯಾರ್ಡಿನ ಗುರಿ ಮ್ಯಾಲ ಹತ್ತರ ರಿಂಗ್ ಇರೂದ 10 ಇಂಚು, ಎಕ್ಸ್ ರಿಂಗ್ 5. ಗಾಳಿ ಓದೂಕಿಂತ ಮೊದಲ ಅರ್ಧ ಆಟ ಹೋತಲ್ರಿ! ಹಿಂಗಾಗಿ ಗುಂಡಿನ ವೇಗ ಅಳಿಯೂ ಕ್ರೋನೋಗ್ರಾಫ್ ಬೇಕ ಬೇಕು. ಗಾರ್ಮಿನ್, ಲ್ಯಾಬ್‌ರೇಡಾರ್ ಹಂಗ ರೇಡಾರ್‌ದು ತಗೊಂಡ್ರ ಬ್ಯಾರಲ್‌ಗೆ ಏನೂ ಕಟ್ಟೂದಿಲ್ಲ, ಗ್ರೂಪ್ ಹೊಡಕೋಂತನ ವೇಗಾನೂ ಬರಕೋಬಹುದು. ಎಸ್‌ಡಿ (ವೇಗ ಸರಾಸರಿಯಿಂದ ಎಷ್ಟು ಹರಡ್ಯದ ಅನ್ನೂ ಲೆಕ್ಕ) ನೋಡ್ರಿ, ಐದು ಗುಂಡಿನ ಇಎಸ್ (ಅಗದೀ ಜೋರಿಂದು, ಅಗದೀ ನಿಧಾನದ್ದು, ಇವೆರಡರ ಫರಕ್) ನೋಡಿ ಖುಷಿ ಪಡಬ್ಯಾಡ್ರಿ, ಗುಂಡು ಕಡಿಮಿ ಇದ್ದಾಗ ಇಎಸ್ ಯಾವಾಗ್ಲೂ ಚಂದನ ಕಾಣ್ತದ. ಡಬ್ಬಿ ಮ್ಯಾಲಿನ ಲಾಟ್ ನಂಬರ್ ಬರದಿಟ್ಕೊರಿ, ಚಲೋ ಲಾಟ್ ಸಿಕ್ರ ಒಮ್ಮೆಲೇ ತಗೊಂಡುಬಿಡ್ರಿ, ಮುಂದಿನ ಲಾಟ್ ಅಂದ್ರ ಬ್ಯಾರೇನ ಗುಂಡು ಅಂತ ತಿಳದು ಮತ್ತ ಟೆಸ್ಟ್ ಮಾಡೂದು.

ಬೆಟ್ಟದ_ಮೇಲಿನವ

ಫೇಡೆಯವರು ಹೇಳಿದ್ದು ಸರಿ, ಒಂದೇ ತಕರಾರು. ವೇಗ ಒಂದೇ ಇದ್ರೂ ಗುಂಡಿಂದ ಗುಂಡಿಗೆ ಬಿ.ಸಿ. (ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್, ಗುಂಡು ಗಾಳಿ ಸೀಳ್ಕೊಂಡು ಹೋಗೋ ಶಕ್ತಿ) ಸ್ವಲ್ಪ ಸ್ವಲ್ಪ ಬೇರೆ ಇರತ್ತೆ, ಬ್ಯಾರಲ್ ಮೂತಿ ಹತ್ರ ಇಟ್ಟ ಕ್ರೋನೋಗ್ರಾಫ್‌ಗೆ ಅದು ಸಿಗಲ್ಲ, 100 ಯಾರ್ಡ್ ಪೇಪರ್‌ಗೂ ಸಿಗಲ್ಲ. ಆದ್ರಿಂದ 100ರಲ್ಲಿ ಕೆಟ್ಟದನ್ನ ತೆಗೆದುಹಾಕಬಹುದು ಅಷ್ಟೇ, ಒಳ್ಳೇದು ಯಾವ್ದು ಅಂತ ಹೇಳೋದು 800, 1000ನೇ.

ತಿಪ್ಪ ಅವ್ರೆ, ಬಾಕ್ಸ್ ನಂಬರ್ ಬಗ್ಗೆ. ಹಾರ್ನಡಿ ಕ್ಯಾಟಲಾಗೇ ಉದಾಹರಣೆಗೆ ತಗೊಳಿ, 6.5ರ 140 ಗ್ರೇನ್ ಇಎಲ್‌ಡಿ ಮ್ಯಾಚ್‌ಗೆ ಜಿ1 .646, ಜಿ7 .326. ಗುಂಡು ಒಂದೇ, ಅಳೆಯೋ ಮಾದರಿ ಬೇರೆ. ಜಿ1 ಅನ್ನೋದು ಬುಡ ಚಪ್ಪಟೆ ಇರೋ ಹಳೇ ಕಾಲದ ಗುಂಡಿನ ಆಕಾರ, ನಮ್ಮ ಉದ್ದ ಮೂತಿ, ಹಿಂದೆ ಸಪೂರ ಆಗೋ ಗುಂಡಿಗೆ ಅದು ಹೊಂದಲ್ಲ, ವೇಗ ಇಳೀತಾ ಇಳೀತಾ ನಂಬರೇ ಬದಲಾಗತ್ತೆ. ಜಿ7 ಮಾದರಿ ಈ ಆಕಾರಕ್ಕೆ ಹತ್ರ. ಲಾಂಗ್ ರೇಂಜ್‌ಗೆ ಗುಂಡಿನ ದಾರಿ ಲೆಕ್ಕ ಹಾಕೋ ಆ್ಯಪ್‌ನಲ್ಲಿ ಜಿ7 ಹಾಕಿ, ಬೇರೆ ಬೇರೆ ಕಂಪನಿ ಹೋಲಿಸೋವಾಗ ಒಂದರ ಜಿ1ನ ಇನ್ನೊಂದರ ಜಿ7 ಜೊತೆ ಇಟ್ಟು ನೋಡಬೇಡಿ. ಅದೇ ಕಂಪನಿ ಬೇಟೆ ಗುಂಡು 143 ಗ್ರೇನ್ ಇಎಲ್‌ಡಿ-ಎಕ್ಸ್‌ದು ಜಿ7 .315, ತೂಕ ಜಾಸ್ತಿ ಇದ್ರೂ ಕಮ್ಮಿ. ಅದು ಜಿಂಕೆ ಮೈಯೊಳಗೆ ಹೇಗೆ ಅರಳಬೇಕು ಅನ್ನೋದು ನೋಡ್ಕೊಂಡು ಮಾಡಿದ್ದು, ಪೇಪರ್‌ಗಲ್ಲ. 147 ಗ್ರೇನ್ ಮ್ಯಾಚ್‌ದು .351, ನಿಮ್ಮ 1:8ಗೆ ನಡೆಯತ್ತೆ, ಆದ್ರೆ ಅದಕ್ಕಿಂತ ನಿಧಾನ ಟ್ವಿಸ್ಟ್ ಇರೋರು ಹುಷಾರು. ಗುಂಡು ನೆಟ್ಟಗೆ ಹೋಗತ್ತಾ ಇಲ್ವಾ ಅನ್ನೋದು ತೂಕಕ್ಕಿಂತ ಉದ್ದದ ಮೇಲೆ ನಿಂತಿರತ್ತೆ, ಪೂರ್ತಿ ತಾಮ್ರದ ಗುಂಡು ಅದೇ ತೂಕಕ್ಕೆ ಉದ್ದ ಜಾಸ್ತಿ ಬರೋದ್ರಿಂದ ಇನ್ನೂ ಜೋರು ಟ್ವಿಸ್ಟ್ ಕೇಳತ್ತೆ. ಬರ್ಗರ್‌ನವರ ಸೈಟ್‌ನಲ್ಲಿ ಸ್ಟೆಬಿಲಿಟಿ ಕ್ಯಾಲ್ಕುಲೇಟರ್ ಇದೆ, ಉತ್ತರ 1.5 ಮೇಲಿದ್ರೆ ನಿಶ್ಚಿಂತೆ. ಚಳಿಗಾಲದ ಟೆಂಪರೇಚರ್ ಹಾಕಿ ನೋಡಿ, ಗಾಳಿ ದಟ್ಟ ಆದ್ರೆ ಆ ನಂಬರ್ ಇಳಿಯತ್ತೆ.

ಬಿ.ಸಿ. ಯಾಕೆ ಬೇಕು ಅಂದ್ರೆ ಗಾಳಿಗೆ. ಗಂಟೆಗೆ 10 ಮೈಲಿ ಅಡ್ಡಗಾಳಿಗೆ 1000 ಯಾರ್ಡ್‌ನಲ್ಲಿ ನಿಮ್ಮ 140 ಐದೂವರೆ ಅಡಿ ಹತ್ರ ಪಕ್ಕಕ್ಕೆ ಹೋದ್ರೆ .308 ಅನ್ನೋ ಇನ್ನೊಂದು ಥರದ ಗುಂಡಿನ 175 ಗ್ರೇನ್ ಎಂಟು ಅಡಿ ದಾಟತ್ತೆ. ಬಿದ್ದೋಗೋದು ಲೆಕ್ಕ ಹಾಕಬಹುದು, ಗಾಳಿ ಮಾತ್ರ ಅಂದಾಜೇ. ಹಾಗಂತ ಬಿ.ಸಿ. ಒಂದೇ ಹಿಡ್ಕೊಂಡು ಹೋದ್ರೂ ಕಷ್ಟ. .308ರಲ್ಲಿ ಸಿಯರಾ 168 ಗ್ರೇನ್ ಮ್ಯಾಚ್‌ಕಿಂಗ್ ಅಂತ ಇದೆಯಲ್ಲ, 300 ಮೀಟರ್ ಸ್ಪರ್ಧೆಗೆ ಮಾಡಿದ್ದು, 600 ಯಾರ್ಡ್‌ವರೆಗೆ ಬೆಣ್ಣೆ. 1000 ಹತ್ರ ಬಂದು ಶಬ್ದದ ವೇಗಕ್ಕೆ ಇಳಿಯೋವಾಗ ಓಲಾಡೋಕೆ ಶುರು ಮಾಡತ್ತೆ, ಪೇಪರ್‌ನಲ್ಲಿ ಓರೆ ತೂತು. ಅದೇ ಕಂಪನಿ 175ಗೆ ಹಿಂಭಾಗದ ಇಳಿಜಾರು ಬೇರೆ, ಅದು ದಾಟ್ಕೊಳತ್ತೆ. ಕ್ರೀಡ್‌ಮೂರ್ 140ಗೆ 1000ದಲ್ಲಿ ಆ ಭಯ ಇಲ್ಲ.

ಕಾಫಿ_ತೋಟ

ನಾನು ಕೊಡಗಿನವನು, ಕೈಲ್ ಪೊಳ್ದ್‌ಗೆ ಮರದ ಮೇಲಿನ ತೆಂಗಿನಕಾಯಿಗೆ ಗುರಿ ಇಡೋ ಜನ ನಾವು, ಎಸ್‌ಡಿ ಗಿಸ್‌ಡಿ ಎಲ್ಲ ಕೇಳಿರಲಿಲ್ಲ 😄 ಆದ್ರೂ ಒಂದು ಮಾತು, ಮೇಲೆ-ಕೆಳಗೆ ಹೋಗೋದಕ್ಕೆಲ್ಲ ಗುಂಡಿಗೇ ಬೈಬೇಡಿ. ಬೈಪಾಡ್ (ರೈಫಲ್‌ನ ಎರಡು ಕಾಲಿನ ಸ್ಟ್ಯಾಂಡ್) ಮೇಲೆ ಒಂದ್ಸಲ ಒತ್ತಿ, ಒಂದ್ಸಲ ಸಡಿಲ ಬಿಟ್ಟು ಹೊಡೆದ್ರೂ ಹಾಗೇ ಆಗುತ್ತೆ. ಮೊದಲು ಸ್ಕೋಪ್ ಮೌಂಟ್ ಸ್ಕ್ರೂ ನೋಡಿ.

ಹೊಸಬ_22

ಮಧ್ಯ ಬಾಯಿ ಹಾಕ್ತಿದೀನಿ ಸಾರಿ, ನಾನು ಎಚ್-1ಬಿ, ನಾನೂ ಶುರು ಮಾಡಬಹುದಾ?

ಬೆಟ್ಟದ_ಮೇಲಿನವ

@ಹೊಸಬ ತಡೀರಿ. ನಾನ್-ಇಮಿಗ್ರೆಂಟ್ ವೀಸಾದಲ್ಲಿರೋರು ಕೋವಿ, ಗುಂಡು ಎರಡೂ ಇಟ್ಕೊಳ್ಳೋ ಹಾಗಿಲ್ಲ, ಫೆಡರಲ್ ಕಾನೂನು. ಯಾವ್ದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ. ಗೆಳೆಯನದು ಅಂತ ರೇಂಜ್‌ನಲ್ಲಿ ಕೈಗೆ ತಗೊಳ್ಳೋ ಮುಂಚೆನೂ ವಕೀಲರ ಹತ್ರ ಕೇಳ್ಕೊಳಿ, ಗ್ರೀನ್ ಕಾರ್ಡ್ ಅರ್ಜಿ ಹಾಳಾದ್ರೆ ಯಾವ ಮೆಡಲೂ ಬೇಡ.

ಡಲ್ಲಾಸ್_ತಿಪ್ಪ

ಎಲ್ರಿಗೂ ಥ್ಯಾಂಕ್ಸ್, ಬೇಟೆ ಬಾಕ್ಸ್ ಪಕ್ಕಕ್ಕಿಟ್ಟೆ, ಕ್ರೋನೋ ಒಬ್ರ ಹತ್ರ ಎರವಲು ಕೇಳಿದೀನಿ. ಇನ್ನೊಂದು, ಇಲ್ಲಿ ಬೇಸಿಗೆಲಿ ಬೆಂಚ್ ಮೇಲಿಟ್ಟ ಬಾಕ್ಸ್ ಮುಟ್ಟಕ್ಕಾಗಲ್ಲ ಅಷ್ಟು ಸುಡತ್ತೆ, ಅದೂ ಲೆಕ್ಕಕ್ಕೆ ಬರತ್ತಾ?

ಧಾರವಾಡ_ಫೇಡೆ

ಬರ್ತದ್ರಿ, ಅರಿಜೋನಾದಾಗ ನಮಗ ಅದ ದೊಡ್ಡ ಗೋಳು. ಮದ್ದು ಕಾದಂಗ ಒತ್ತಡ ಏರ್ತದ, ವೇಗಾನೂ ಏರ್ತದ. ಎಚ್4350 ಹಂಗ ಬಿಸಿಗೆ ಜಗ್ಗದ ಮದ್ದು ಅದಾವ, ಆದ್ರ ಫ್ಯಾಕ್ಟರಿ ಡಬ್ಬಿಯೊಳಗ ಯಾವ ಮದ್ದು ಅಂತ ನಿಮಗ ಗೊತ್ತಾಗಂಗಿಲ್ಲ. ಡಬ್ಬಿ ನೆರಳಾಗ ಇಡ್ರಿ, ಗಾಳಿ ನೋಡ್ಕೋಂತ ಕಾದ ಚೇಂಬರ್‌ನ್ಯಾಗ ಗುಂಡು ಹಾಕಿ ಕಾಯಿಸಬ್ಯಾಡ್ರಿ, ಗಾಳಿ ಓದಿ ಆದ ಮ್ಯಾಲ ಹಾಕ್ರಿ, ಹಾಕಿದ ಮ್ಯಾಲ ಹೊಡೀರಿ. ಕ್ರೋನೋ ಸಿಕ್ರ ಮುಂಜಾನೆ ಹತ್ತು, ಮಧ್ಯಾಹ್ನ ಹತ್ತು ಅದೇ ಲಾಟ್ ಹೊಡದು ನಂಬರ್ ಇಲ್ಲೇ ಹಾಕ್ರಿ, ನೋಡೂಣು.