ಸಹಾಯ ಬೇಕು: ಖಯಾಮಿಯಾ ಹೊಲಿಗೆಯಲ್ಲಿ ಒಳತಿರುವು ಕೂರುತ್ತಿಲ್ಲ

ನಮಸ್ಕಾರ. ಕೈರೋದಲ್ಲಿದ್ದೇನೆ, ಬಾಬ್ ಜುವೈಲಾ ಅನ್ನೋ ಹಳೇ ಊರಬಾಗಿಲ ಪಕ್ಕದ ಡೇರೆ ಹೊಲಿಯುವವರ ಬೀದಿ ನೋಡಿ ಖಯಾಮಿಯಾ ಹುಚ್ಚು ಹಿಡಿದಿದೆ. ಕ್ಯಾನ್ವಾಸ್ ಮೇಲೆ ಬಣ್ಣದ ಹತ್ತಿ ಬಟ್ಟೆಯ ತುಂಡಿಟ್ಟು, ಅಂಚು ಒಳಗೆ ಮಡಚಿ ಕೈಯಲ್ಲೇ ಹೊಲಿಯುವ ಕೆಲಸ. ರಂಜಾನ್ ಬಂದರೆ ಅದೇ ಡಿಸೈನಿನ ಅಗ್ಗದ ಪ್ರಿಂಟೇ ಜಾಸ್ತಿ, ಹೊಟ್ಟೆ ಉರಿಯುತ್ತದೆ. ಅದಕ್ಕೇ ಹಳೇ ಕಮಲದ ಡಿಸೈನುಗಳ ನಡುವೆ ಇವತ್ತಿನ ಕೈರೋ ಇರಲಿ ಅಂತ ಮಹಡಿ ಮೇಲಿನ ಡಿಶ್ ಆಂಟೆನಾಗಳನ್ನು ಹೊಲಿಯುತ್ತಿದ್ದೇನೆ. ಕಾಗದಕ್ಕೆ ತೂತು ಚುಚ್ಚಿ ಇದ್ದಿಲು ಪುಡಿ ಉಜ್ಜಿ ಚಿತ್ರ ಇಳಿಸುವ ತನಕ ಎಲ್ಲ ಸರಿ. ಅಂಚು ಹೊರಗೆ ಉಬ್ಬುವ ಹೊರತಿರುವೂ ಬರುತ್ತದೆ. ಅಂಚು ಒಳಗೆ ಬಾಗುವ ಒಳತಿರುವಿನಲ್ಲಿ ಮಾತ್ರ ಕತ್ತರಿಯಿಂದ ಕಚ್ಚು ಹಾಕಿದರೆ ನೂಲು ಬಿಟ್ಟುಕೊಳ್ಳುತ್ತದೆ, ಹಾಕದಿದ್ದರೆ ಸುಕ್ಕು. ಗಂಜಿ ಹಾಕಿ ನೋಡಿದೆ, ಸೂಜಿಯೇ ಇಳಿಯಲಿಲ್ಲ.

ಕೈಹೊಲಿಗೆ ಗೊತ್ತಿರುವವರು ಹೇಳಿ: ಮಡಿಕೆ ಗೆರೆಯಿಂದ ಎಷ್ಟು ದೂರಕ್ಕೆ ಕಚ್ಚು ನಿಲ್ಲಿಸಬೇಕು? ಮೊದಲೇ ಹಾಕಿಕೊಳ್ಳಬೇಕಾ, ಹೊಲಿಯುತ್ತಾ ಅಲ್ಲಿಗೆ ಬಂದಾಗಲಾ?