ಪ್ರಶ್ನೋತ್ತರ: ಪಾಯಿಂಟ್ ಕೂಡಿಟ್ಟು ಸ್ಕೂಬಾ ರಜೆಗೆ ಹೋಗೋದು ಹೇಗೆ?

ಅಡ್ಮಿನ್: ಇವತ್ತು ಗುಳ್ಳೆ ಮೇಡಂ ನಮ್ಮ ಜೊತೆ ಇದ್ದಾರೆ. ಡೈವಿಂಗ್ ಕಲಿಸುವುದು, ಡೈವಿಂಗ್ ಪ್ರವಾಸ ಹೊಂದಿಸಿ ಕೊಡುವುದು ಎರಡೂ ಅವರ ಕೆಲಸ. ಕಾರ್ಡ್ ಪಾಯಿಂಟ್, ಏರ್‌ಲೈನ್ ಮೈಲ್ಸ್ ಬಳಸಿ ಬೆಚ್ಚನೆ ಕಡಲಿನ ಡೈವಿಂಗ್ ರಜೆಗೆ ಬಜೆಟ್ ಮಾಡುವ ಬಗ್ಗೆ ಕೇಳಿ. ಕೇಳುವ ಮೊದಲು ದಯವಿಟ್ಟು ಮೇಲಿನದನ್ನು ಓದಿ.

ಹೊಸನೀರು: ನಮಸ್ಕಾರ ಮೇಡಂ. ಪೂರ್ತಿ ಪ್ರವಾಸ ಪಾಯಿಂಟ್‌ನಲ್ಲೇ ಮುಗಿಸಬಹುದಾ?

ಗುಳ್ಳೆ ಮೇಡಂ: ನಮಸ್ಕಾರ. ಆಗುವುದಿಲ್ಲ. ವಿಮಾನಕ್ಕೆ, ಹೋಟೆಲ್ ರೂಮಿಗೆ ಪಾಯಿಂಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಡೈವ್ ಫೀಸು, ದೋಣಿ, ಸಲಕರಣೆ ಬಾಡಿಗೆ, ಟಿಪ್ಸ್, ಇವೆಲ್ಲ ಹೆಚ್ಚುಕಮ್ಮಿ ನಗದೇ. ಜೊತೆಗೆ ಸರ್ಕಾರದ ಶುಲ್ಕಗಳು. ಪಲಾವು ದ್ವೀಪದೇಶ 2018ರಿಂದ 100 ಡಾಲರ್ ಪರಿಸರ ಶುಲ್ಕವನ್ನು ಟಿಕೆಟ್ಟಿನಲ್ಲೇ ಸೇರಿಸುತ್ತದೆ. ಈಕ್ವೆಡಾರ್ ದೇಶದ ದ್ವೀಪಸಮೂಹ ಗಲಾಪಗೋಸ್‌ನಲ್ಲಿ 2024ರ ಆಗಸ್ಟ್‌ನಿಂದ ಹೆಚ್ಚಿನ ವಿದೇಶಿಯರಿಗೆ ಪ್ರವೇಶ ಶುಲ್ಕ 200 ಡಾಲರ್. ಮಾಲ್ಡೀವ್ಸ್ ರೆಸಾರ್ಟಿನಲ್ಲಿ ರೂಮು ಪಾಯಿಂಟ್‌ಗೆ ಸಿಕ್ಕಿದರೂ ಹಸಿರು ತೆರಿಗೆ ಬಿಡುವುದಿಲ್ಲ. ತಲೆಗೆ, ರಾತ್ರಿಗೆ 12 ಡಾಲರ್. ಮೊದಲು ಈ ನಗದಿನ ಪಟ್ಟಿ ಬರೆಯಿರಿ. ಪಾಯಿಂಟ್ ಎಷ್ಟಿದೆ ಅಂತ ಆಮೇಲೆ ನೋಡಿ.

ಮೈಲುಗಲ್ಲು: ಮೇಡಂ, ಬ್ಯಾಂಕ್ ಪಾಯಿಂಟನ್ನು ಏರ್‌ಲೈನ್‌ಗೆ ಹಾಕಿದರೆ ಶೇ. 25 ಜಾಸ್ತಿ ಕೊಡ್ತಾರಂತೆ. ತಿಂಗಳ ಕೊನೆಗೆ ಆಫರ್ ಮುಗಿಯುತ್ತೆ. ಹಾಕಿಬಿಡಲಾ?

ಗುಳ್ಳೆ ಮೇಡಂ: ನಿಮ್ಮ ದಿನಾಂಕಕ್ಕೆ ಸೀಟು ಕಂಡಿತಾ? ಕಾಣದಿದ್ದರೆ ಬೇಡ. ಒಮ್ಮೆ ಹಾಕಿದ ಪಾಯಿಂಟ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅದು ಅಲ್ಲಿ ಸುಮ್ನೆ ಕೂತಿರುವಾಗ ಏರ್‌ಲೈನ್ ತನ್ನ ದರ ಏರಿಸಿದರೆ ಕೇಳುವವರಿಲ್ಲ.

ಸೀಟು ಕಂಡರೆ ಈ ಲೆಕ್ಕ ಮಾಡಿ. ನಗದಿಗೆ ಟಿಕೆಟ್ 60,000 ಅಂದುಕೊಳ್ಳಿ, ಯಾವ ಹಣವಾದರೂ ಸರಿ. ಪಾಯಿಂಟ್‌ನಲ್ಲಿ ಕೊಂಡರೆ 40,000 ಪಾಯಿಂಟ್, ಮೇಲೆ ತೆರಿಗೆ ಮತ್ತು ಸರ್‌ಚಾರ್ಜ್ 12,000. ಉಳಿದದ್ದು 48,000. ಅದನ್ನು 40,000ದಿಂದ ಭಾಗಿಸಿದರೆ ಒಂದು ಪಾಯಿಂಟ್‌ಗೆ 1.2 ಬಿತ್ತು. ಅದೇ ಪಾಯಿಂಟನ್ನು ಕಾರ್ಡ್ ಬಿಲ್ಲಿಗೆ ಜಮಾ ಮಾಡಿದರೆ ಎಷ್ಟು ಸಿಗುತ್ತದೆ ನೋಡಿ, ಹೋಲಿಸಿ. ಸರ್‌ಚಾರ್ಜ್ ಮರೆತು ಲೆಕ್ಕ ಹಾಕುವವರೇ ಜಾಸ್ತಿ.

ಬಿಟ್ಟಿಯಾನ: ಇಷ್ಟೆಲ್ಲ ತಲೆಬಿಸಿ ಯಾಕೆ? ನಾನಂತೂ ಪ್ರತಿಸಲ ಬಿಟ್ಟಿಯಾಗೇ ಹೋಗಿ ಬರ್ತೀನಿ.

ಕಾಸುಗಣಿತ: ಕಾರ್ಡ್‌ಗಳ ವಾರ್ಷಿಕ ಫೀಸು ಯಾರು ಕಟ್ಟಿದ್ದು ಸರ್?

ಬಿಟ್ಟಿಯಾನ: ಅದು ಹೇಗೂ ಕಟ್ಟೋದೇ ಅಲ್ವಾ.

ಹರಿಗೋಲು: ಮೇಡಂ, ನನ್ನದು ಎಲ್ಲ ಬುಕ್ ಆಗಿದೆ, ಒಮ್ಮೆ ನೋಡ್ತೀರಾ? ಮಾಲ್ಡೀವ್ಸ್, ಮ್ಯಾರಿಯಟ್ ಹೋಟೆಲ್ ಪಾಯಿಂಟ್‌ನಲ್ಲಿ 4 ರಾತ್ರಿ. ರೆಸಾರ್ಟಿಗೆ ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ). ಒಟ್ಟು 8 ಡೈವ್: ನಡುವಿನ ಮೂರು ದಿನ ಎರಡೆರಡು, ಹೊರಡುವ ದಿನ ಬೆಳಿಗ್ಗೆ ಎರಡು. 10:30ಕ್ಕೆ ನೀರಿನಿಂದ ಹೊರಗೆ. ಮೈಲ್ಸ್ ಸೀಟು ಅದೇ ರಾತ್ರಿ 10ಕ್ಕೆ ಮಾತ್ರ ಸಿಕ್ಕಿತು. ಡೈವ್ ಆದ ಮೇಲೆ ವಿಮಾನ ಹತ್ತಲು 12 ಗಂಟೆ ಬಿಡಬೇಕು ಅಂತ ಓದಿದ್ದೆ. ಹತ್ತಿರ ಹತ್ತಿರ ಅಷ್ಟು ಸಿಗುತ್ತೆ, ಸಾಕಲ್ವಾ? ಇನ್ನೂ ಸ್ವಲ್ಪ ಉಳಿಸಬಹುದಾ?

ಗುಳ್ಳೆ ಮೇಡಂ: ನಿಮ್ಮ ಕೊನೆಯ ದಿನ ನೋಡಿ ಗಾಬರಿಯಾಯಿತು. ಉಳಿದವರು ಸ್ವಲ್ಪ ಕಾಯಿರಿ.

ನೀವು ರಾತ್ರಿ 10ರಿಂದ ಲೆಕ್ಕ ಹಾಕಿದ್ದೀರಿ. ಅಲ್ಲಿ ಸೀಪ್ಲೇನ್ ಹಾರುವುದು ಹಗಲಲ್ಲಿ ಮಾತ್ರ. ಅಂದರೆ ಮಧ್ಯಾಹ್ನ ಮೂರು, ಮೂರೂವರೆಗೇ ನಿಮ್ಮನ್ನು ಹತ್ತಿಸುತ್ತಾರೆ. ನಡುವೆ ಸಿಗುವುದು ಐದೇ ಗಂಟೆ.

ಆಳದಲ್ಲಿ ಉಸಿರಾಡಿದಾಗ ಸಾರಜನಕ ಮೈಯೊಳಗೆ ಕರಗಿ ಸೇರಿಕೊಳ್ಳುತ್ತದೆ. ಮೇಲೆ ಬಂದ ನಂತರ ಉಸಿರಿನ ಮೂಲಕ ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರೊಳಗೆ ಸುತ್ತಲಿನ ಒತ್ತಡ ಇಳಿದರೆ ಒಳಗೇ ಗುಳ್ಳೆ ಏಳುತ್ತದೆ. ಕೀಲುನೋವಿನಿಂದ ಹಿಡಿದು ಕೈಕಾಲು ಸ್ವಾಧೀನ ತಪ್ಪುವವರೆಗೆ ಏನೂ ಆಗಬಹುದು. ದೊಡ್ಡ ವಿಮಾನದ ಒಳಗಿನ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ. ಸೀಪ್ಲೇನ್ ತಗ್ಗಿನಲ್ಲಿ ಹಾರುತ್ತದೆ ನಿಜ, ಆದರೆ ಅದರ ಕ್ಯಾಬಿನ್‌ನಲ್ಲಿ ಒತ್ತಡ ಕಾಯುವ ವ್ಯವಸ್ಥೆಯೇ ಇಲ್ಲ.

ಡೈವಿಂಗ್ ಸುರಕ್ಷತೆಗಾಗಿ ಇರುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ ಹೀಗಿದೆ. ಡಿಕಂಪ್ರೆಷನ್, ಅಂದರೆ ಮೇಲೆ ಬರುವಾಗ ನಡುನಡುವೆ ನಿಂತು ಕಾಯುವುದು, ಬೇಡದ ಒಂದೇ ಡೈವ್ ಮಾಡಿದ್ದರೆ ವಿಮಾನ ಹತ್ತುವ ಮೊದಲು ಕನಿಷ್ಠ 12 ಗಂಟೆ ಕಾಯಬೇಕು. ಹಲವು ಡೈವ್ ಅಥವಾ ಹಲವು ದಿನ ಆದರೆ ಕನಿಷ್ಠ 18. ಡಿಕಂಪ್ರೆಷನ್ ಡೈವ್ ಆಗಿದ್ದರೆ ಇನ್ನೂ ಸಾಕಷ್ಟು ಜಾಸ್ತಿ. ನೀವು ಓದಿರುವ 12 ನಿಮಗೆ ಸೇರಿದ್ದಲ್ಲ. ನನ್ನ ಜೊತೆ ಬರುವವರಿಗೆ ನಾನು 24 ಅಂತಲೇ ಹೇಳುವುದು.

ಈಗ ದುಡ್ಡಿನ ಮಾತು. ನಿಮ್ಮ ಬುಕಿಂಗ್‌ನಲ್ಲೇ ಒಂದು ದಾರಿ ಇದೆ. ಮ್ಯಾರಿಯಟ್‌ನಲ್ಲಿ ಪಾಯಿಂಟ್ ಕೊಟ್ಟು ಸತತ 5 ರಾತ್ರಿ ತೆಗೆದುಕೊಂಡರೆ ನಾಲ್ಕಕ್ಕೆ ಮಾತ್ರ ಪಾಯಿಂಟ್ ಹಿಡಿಯುತ್ತಾರೆ. ಐದನೇ ರಾತ್ರಿಗೆ ರೂಮು ಇದ್ದರೆ ನಿಮಗೆ ಬೀಳುವುದು ಹಸಿರು ತೆರಿಗೆ, ಊಟದ ಖರ್ಚು ಅಷ್ಟೇ. ಮರುದಿನಕ್ಕೆ ಮೈಲ್ಸ್ ಸೀಟು ಇದೆಯಾ ನೋಡಿ, ದಿನಾಂಕ ಬದಲಾಯಿಸಲು ಶುಲ್ಕ ಎಷ್ಟು ಕೇಳಿ. ಎರಡೂ ಖಚಿತವಾಗುವವರೆಗೆ ಹಳೆಯದನ್ನು ರದ್ದು ಮಾಡಬೇಡಿ.

ಶುಭೋದಯ: ಫಾರ್ವರ್ಡ್ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ 🙏 "ಕೊನೆಯ ಡೈವ್ ನಂತರ 3 ಲೀಟರ್ ನೀರು ಕುಡಿದು, ಬಿಸಿನೀರಿನ ಸ್ನಾನ ಮಾಡಿ, ಅರ್ಧ ಗಂಟೆ ಓಡಿದರೆ ಸಾರಜನಕ ಹೊರಹೋಗುತ್ತದೆ. 6 ಗಂಟೆಯಲ್ಲಿ ವಿಮಾನ ಹತ್ತಬಹುದು."

ಗುಳ್ಳೆ ಮೇಡಂ: ಇದನ್ನು ಯಾರೂ ಮಾಡಬೇಡಿ. ಮೈ ಒಣಗಬಾರದು ಅಂತ ನೀರು ಕುಡಿಯಿರಿ, ಅದರಿಂದ ಕಾಯುವ ಹೊತ್ತು ಕಡಿಮೆ ಆಗುವುದಿಲ್ಲ. ಡೈವ್ ಆದ ಕೂಡಲೇ ಬಿಸಿನೀರಿನ ಸ್ನಾನ, ಓಟ ಎರಡೂ ಗುಳ್ಳೆ ಏಳುವ ಅಪಾಯ ಹೆಚ್ಚಿಸುತ್ತವೆ. ಔಷಧಿ ಅಂತ ಅಪಾಯವನ್ನೇ ಬರೆದು ಹಂಚುತ್ತಿದ್ದಾರೆ.

ಶುಭೋದಯ: ಬಂದಿದ್ದನ್ನು ಹಾಕಿದೆ ಅಷ್ಟೇ ಮೇಡಂ. ಒಳ್ಳೆಯ ಉದ್ದೇಶ.

ತಿಮಿಂಗಿಲ: ವೇಲ್ ಶಾರ್ಕ್ ನೋಡಲು ಯಾವ ತಿಂಗಳು ಒಳ್ಳೆಯದು?

ಅಲೆಮಾರಿ: ಆಮ್ಲಜನಕ ಹೆಚ್ಚಿರುವ ನೈಟ್ರಾಕ್ಸ್ ಗಾಳಿ ಬಳಸಿದರೆ 18 ಗಂಟೆ ಬೇಕಾಗಲ್ಲ ಅಂತಾರಲ್ಲ?

ಗುಳ್ಳೆ ಮೇಡಂ: ಬೇಕು.

ಹೊಸನೀರು: ದೋಣಿಯಲ್ಲೇ ಉಳಿದು ಡೈವ್ ಮಾಡುವ ಲಿವ್‌ಅಬೋರ್ಡ್‌ಗೆ ಪಾಯಿಂಟ್ ನಡೆಯುತ್ತಾ?

ಗುಳ್ಳೆ ಮೇಡಂ: ತೀರಾ ಅಪರೂಪ. ಪಾಯಿಂಟನ್ನು ವಿಮಾನಕ್ಕೆ ಹಾಕಿ, ದೋಣಿಗೆ ನಗದು ಇಡಿ. ಇಂಧನ ಸರ್‌ಚಾರ್ಜ್, ನೈಟ್ರಾಕ್ಸ್, ಸಲಕರಣೆ ದರದಲ್ಲಿ ಸೇರಿದೆಯಾ ಅಂತ ಬರಹದಲ್ಲಿ ಕೇಳಿ. ಖರ್ಚು ಇಳಿಸಬೇಕಾದರೆ ಕೆರಿಬಿಯನ್ ದ್ವೀಪ ಬೊನೇರ್ ನೋಡಿ. ದೋಣಿಯೇ ಬೇಡ. ರಸ್ತೆ ಪಕ್ಕದಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳು ಡೈವ್ ಜಾಗ ತೋರಿಸುತ್ತವೆ. ಪಿಕಪ್ ಗಾಡಿ ಬಾಡಿಗೆಗೆ ಹಿಡಿದು, ಸಿಲಿಂಡರ್ ಹೇರಿಕೊಂಡು, ದಡದಿಂದಲೇ ಇಳಿಯಬಹುದು. ಚಂಡಮಾರುತದ ಮುಖ್ಯ ಹಾದಿಗಿಂತ ದಕ್ಷಿಣಕ್ಕಿರುವುದೂ ಒಂದು ಅನುಕೂಲ.

ಕಾಸುಗಣಿತ: ಬಿಟ್ಟಿಯಾನ ಅವರೇ, ಕಾರ್ಡ್ ಬಾಕಿ ಪೂರ್ತಿ ಕಟ್ಟುತ್ತೀರಾ, ಅದೂ ಹೇಳಿ.

ಬಿಟ್ಟಿಯಾನ: ನನ್ನ ಕಾರ್ಡ್ ವಿಚಾರ ನಿಮಗೇನಕ್ಕೆ? ನಿಮ್ಮ ಲೆಕ್ಕ ನೀವು ನೋಡಿಕೊಳ್ಳಿ.

ಕಾಸುಗಣಿತ: ಬಡ್ಡಿ ಕಟ್ಟಿ ಪಾಯಿಂಟ್ ಸೇರಿಸಿ ಬಿಟ್ಟಿ ಅನ್ನೋದು. ಚೆನ್ನಾಗಿದೆ.

ಮೈಲುಗಲ್ಲು: ಇಬ್ಬರೂ ಖಾಸಗಿಯಾಗಿ ಜಗಳ ಆಡಿ. ನಾವು ಓದೋಕೆ ಬಂದಿದ್ದು.

ಕಾಸುಗಣಿತ: ಜಗಳ ಅಲ್ಲ, ಸತ್ಯ.

ಗುಳ್ಳೆ ಮೇಡಂ: ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟುವವರಿಗೆ ಪಾಯಿಂಟ್‌ನಿಂದ ಲಾಭ ಇಲ್ಲ. ಇಷ್ಟಕ್ಕೆ ಬಿಡಿ.

ಅಲೆಮಾರಿ: ಕಾರ್ಡ್ ಜೊತೆ ಪ್ರಯಾಣ ವಿಮೆ ಬರುತ್ತೆ. ಸಾಕಾ ಮೇಡಂ?

ಗುಳ್ಳೆ ಮೇಡಂ: ಯಾವುದಕ್ಕೆ ಹಣ ಕೊಡುವುದಿಲ್ಲ ಅನ್ನುವ ಪಟ್ಟಿ ಪಾಲಿಸಿಯಲ್ಲಿರುತ್ತದೆ, ಅದನ್ನು ಓದಿ. ಕೆಲವು ಕಾರ್ಡ್ ವಿಮೆಗೆ ಡೈವಿಂಗ್ ಸೇರುವುದೇ ಇಲ್ಲ. ಸೇರಿದರೂ ಆಳದ ಮಿತಿ ಇರಬಹುದು. ಟಿಕೆಟ್ ಆ ಕಾರ್ಡ್‌ನಲ್ಲೇ ಕೊಂಡಿರಬೇಕು ಅಂತ ಷರತ್ತಿದ್ದರೆ, ಮೈಲ್ಸ್ ಟಿಕೆಟ್ ಲೆಕ್ಕಕ್ಕೆ ಬರುತ್ತದಾ ಕೇಳಿ. ಕನಿಷ್ಠ ತೆರಿಗೆಯನ್ನಾದರೂ ಅದೇ ಕಾರ್ಡ್‌ನಲ್ಲಿ ಕಟ್ಟಿ. ಮೈಯಲ್ಲಿ ಗುಳ್ಳೆ ಎದ್ದವರನ್ನು ಒತ್ತಡದ ಕೋಣೆಯಲ್ಲಿಡುವ ರೀಕಂಪ್ರೆಷನ್ ಚೇಂಬರ್ ಚಿಕಿತ್ಸೆ, ದ್ವೀಪದಿಂದ ವಿಮಾನದಲ್ಲಿ ಸಾಗಿಸುವುದು ಬಹಳ ದುಬಾರಿ. ಡೈವಿಂಗ್ ವಿಮೆ ಬೇರೆಯಾಗಿ ಮಾಡಿಸಿ. ನಾನಾದರೆ ಈ ಖರ್ಚಿಗೆ ಕತ್ತರಿ ಹಾಕುವುದಿಲ್ಲ.

ಹೊಸನೀರು: ಸಲಕರಣೆ ಕೊಳ್ಳಲಾ, ಬಾಡಿಗೆಗೆ ತಗೊಳ್ಳಲಾ?

ಗುಳ್ಳೆ ಮೇಡಂ: ಮಾಸ್ಕ್, ಆಳ ಮತ್ತು ಹೊತ್ತು ತೋರಿಸುವ ಡೈವ್ ಕಂಪ್ಯೂಟರ್ ಕೊಳ್ಳಿ. ಉಳಿದದ್ದು ಬಾಡಿಗೆಗೆ. ಸಣ್ಣ ವಿಮಾನಗಳಲ್ಲಿ ಲಗೇಜ್ ತೂಕ ಕಟ್ಟುನಿಟ್ಟು. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಲಿ.

ಬಿಟ್ಟಿಯಾನ: ಬಾಡಿಗೆ ರೆಗ್ಯುಲೇಟರ್ ಬಾಯಿಗೆ ಇಟ್ಟುಕೊಳ್ಳೋದಾ? ಛೀ.

ಕಾಸುಗಣಿತ: ಬಿಟ್ಟಿ ಬೇಕು, ಬಾಡಿಗೆ ಬೇಡ.

ಅಡ್ಮಿನ್: ಇಬ್ಬರಿಗೂ ಕೊನೆಯ ಎಚ್ಚರಿಕೆ.

ತಿಮಿಂಗಿಲ: ನನ್ನ ಪ್ರಶ್ನೆ ಮೇಲೆ ಹಾಗೇ ಉಳಿದಿದೆ 🙂

ಸೀಗಡಿ: ಮೇಡಂ, ಎಲ್ಲ ಖರ್ಚೂ ಪಾಯಿಂಟ್‌ನಲ್ಲೇ ಆಗುತ್ತಾ?

ಗುಳ್ಳೆ ಮೇಡಂ: ಮೊದಲ ಉತ್ತರ ಓದಿ.

ಹರಿಗೋಲು: ಮೇಡಂ, ಕೇಳಿದೆ. ಐದನೇ ರಾತ್ರಿಗೆ ರೂಮು ಇದೆ. ಮರುದಿನ ಎಕಾನಮಿಯಲ್ಲಿ ಮೈಲ್ಸ್ ಸೀಟು ಇಲ್ಲ. ಬಿಸಿನೆಸ್ ಕ್ಲಾಸ್‌ನಲ್ಲಿ ಇದೆ, ಅಷ್ಟು ಮೈಲ್ಸ್ ನನ್ನ ಹತ್ರ ಇಲ್ಲ. ಕಡಿಮೆ ಬಿದ್ದಷ್ಟು ಕೊಂಡುಕೊಳ್ಳಲಾ? ಈಗ ಅರ್ಧ ಬೆಲೆ ಅಂತ ಇಮೇಲ್ ಬಂದಿದೆ.

ಗುಳ್ಳೆ ಮೇಡಂ: ಬೇಡ. ಟಿಕೆಟ್ ಹಾಗೇ ಇರಲಿ, ಡೈವ್‌ಗಳನ್ನು ಮೊದಲಿನ ದಿನಗಳಿಗೆ ಸರಿಸಿ. ಡೈವ್ ಸೆಂಟರ್‌ಗೆ ಇವತ್ತೇ ಬರೆಯಿರಿ: ಹೊರಡುವ ದಿನದ ಎರಡು ಡೈವ್ ರದ್ದು, ನಡುವಿನ ಮೂರು ದಿನಕ್ಕೆ 3, 3, 2. ಮೂರನೇ ದಿನದ ಎರಡೂ ಬೆಳಿಗ್ಗೆಯೇ ಮುಗಿಯಲಿ. ಸೀಪ್ಲೇನ್ ಹೊತ್ತಿಗೆ 24 ಗಂಟೆ ಮೀರುತ್ತದೆ. ಎಂಟು ಡೈವೂ ಉಳಿಯಿತು, ಒಂದು ಪಾಯಿಂಟೂ ಹೋಗಲಿಲ್ಲ. ದಿನಕ್ಕೆ ಮೂರು ಸುಸ್ತು ಅನಿಸಿದರೆ ಒಂದೆರಡು ಬಿಟ್ಟುಬಿಡಿ. ಹೊರಡುವ ದಿನ ಬೆಳಿಗ್ಗೆ ನೀರಿನ ಮೇಲೆ ತೇಲಿಕೊಂಡು ಸ್ನಾರ್ಕೆಲ್ ಮಾಡಿ.

ಹರಿಗೋಲು: ಬರೆದೆ ಮೇಡಂ. 3, 3, 2ಕ್ಕೆ ಒಪ್ಪಿದ್ದಾರೆ. ಮೂರನೇ ಡೈವ್‌ಗೆ ದೋಣಿ ಬಾಡಿಗೆ ಬೇರೆ ಕೇಳುತ್ತಿದ್ದಾರೆ.

ಗುಳ್ಳೆ ಮೇಡಂ: ರೆಸಾರ್ಟಿನ ಹವಳದಂಡೆಯಲ್ಲೇ ದಡದಿಂದ ಇಳಿಸಿ ಅನ್ನಿ. ದೋಣಿ ಬೇಡ.

ಶುಭೋದಯ: ಮೇಡಂ, ಇನ್ನೊಂದು ಫಾರ್ವರ್ಡ್ ಬಂದಿದೆ, ಹಾಕಲಾ?