ಅಪ್‌ಡೇಟ್: ಆ ಕುದುರೆಯನ್ನು ಕೊಳ್ಳಲಿಲ್ಲ

ಚಳ್ಳಕೆರೆ ಬಳಿ 6 ವರ್ಷದ ಕುದುರೆ ಮಾರಾಟಕ್ಕಿದೆ, ಮಗಳಿಗೆ ಕೊಳ್ಳಲೇ ಎಂದು ಹೋದ ತಿಂಗಳು ಕೇಳಿದ್ದೆ. ಮುನ್ಸೂಚನೆ ಕೊಡದೆ ಪಶುವೈದ್ಯರೊಂದಿಗೆ ಇನ್ನೊಮ್ಮೆ ಹೋಗಿ ಎಂದಿದ್ದಿರಿ. ಹೋದೆವು. ಮೊದಲ ಸಲ ಹಸುವಿನಂತಿದ್ದ ಪ್ರಾಣಿ ಈ ಸಲ ಜೀನು ಕಂಡದ್ದೇ ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡಿತು. ಗಟ್ಟಿ ನೆಲದ ಮೇಲೆ ಓಡಿಸಿದರೆ, ಎಡ ಮುಂಗಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ ಎಗರುತ್ತಿತ್ತು. ಕಾಲಿನಲ್ಲಿ ನೋವಿದೆ ಎಂದರು ವೈದ್ಯರು. ಹಲ್ಲು ನೋಡಿ, ವಯಸ್ಸು 12 ದಾಟಿರಬೇಕು ಎಂದರು! ಗ್ಲ್ಯಾಂಡರ್ಸ್ ರಕ್ತಪರೀಕ್ಷೆಯ ವರದಿ ಕೇಳಿದ್ದಕ್ಕೆ ಮಾರುವವರು ಮಾತು ತೇಲಿಸಿದರು. ಮನುಷ್ಯರಿಗೂ ಹರಡುವ ರೋಗವದು. ಮುಂಗಡ ಕೊಟ್ಟಿರಲಿಲ್ಲ, ಪುಣ್ಯ. ಮಗಳು ಎರಡು ದಿನ ಮುನಿಸಿಕೊಂಡಿದ್ದಳು. ಸದ್ಯಕ್ಕೆ ಹೆಲ್ಮೆಟ್ ಮಾತ್ರ ಕೊಂಡಿದ್ದೇವೆ. ದಾವಣಗೆರೆಯಲ್ಲಿ ಪರಿಚಯದವರ ಕುದುರೆಯ ಮೈ ಉಜ್ಜುತ್ತ, ಹಿಂದಿನಿಂದ ಸುಳಿಯದೆ ಭುಜದ ಪಕ್ಕದಿಂದ ಹತ್ತಿರ ಹೋಗುವುದನ್ನು ಕಲಿಯುತ್ತಿದ್ದಾಳೆ.